ಮಂಚ ಹುಡುಕಿದವರಿಗೆ ಅಶ್ಲೀಲ ಚಿತ್ರ: ರ‍್ಯಾಂಕಿಂಗ್‌ನಲ್ಲಿ ನಾನು ತಡೆದ ಬಗೆ

ಚಿತ್ರ ಹುಡುಕಾಟದಲ್ಲಿ ಅಶ್ಲೀಲತೆ ನುಸುಳುವುದಕ್ಕೆ ಅಂಥ ಚಿತ್ರಗಳನ್ನು ಗುರುತಿಸುವ ಕಂಪ್ಯೂಟರ್ ಮಾದರಿಯ ದೌರ್ಬಲ್ಯವೇ ಕಾರಣವೆಂದು ತಂಡದ ಹಿರಿಯರು ನಂಬಿದ್ದರು. ಕುತ್ತು ಫಲಿತಾಂಶಗಳ ಕ್ರಮ ನಿರ್ಧರಿಸುವ ಹಂತದಲ್ಲಿ, ಅಂದರೆ ರ‍್ಯಾಂಕಿಂಗ್‌ನಲ್ಲಿದೆ ಎಂಬ ನನ್ನ ವಾದ ಬಹುಕಾಲ ಯಾರಿಗೂ ರುಚಿಸಲಿಲ್ಲ.

‘ಹಳೆಯ ಮರದ ಮಂಚ’ ಎಂದು ಹುಡುಕಿದರೆ ಮೊದಲೆರಡು ಸಾಲುಗಳಲ್ಲಿ ಮಂಚಗಳೇ ಇರುತ್ತಿದ್ದವು, ಮೂರನೆಯ ಸಾಲಿನಲ್ಲಿ ನಗ್ನ ಚಿತ್ರವೊಂದು ಬಂದು ಕೂರುತ್ತಿತ್ತು. ಅದರ ಸುತ್ತಲಿನ ಬರಹದಲ್ಲಿ ಮಂಚದ ಪ್ರಸ್ತಾಪವಿತ್ತು. ಹುಡುಕಾಟ ಅಪರೂಪದ್ದಾದ್ದರಿಂದ ಪೈಪೋಟಿಗೆ ಒಳ್ಳೆಯ ಚಿತ್ರಗಳು ಸಾಲದಾಗಿದ್ದವು. ಕುತೂಹಲಕ್ಕೆ ಬಿದ್ದ ಕ್ಲಿಕ್ಕುಗಳನ್ನು ರ‍್ಯಾಂಕಿಂಗ್ ಮಾದರಿಯು ಮೆಚ್ಚುಗೆಯೆಂದೇ ಎಣಿಸಿ ಅದನ್ನು ಇನ್ನಷ್ಟು ಮೇಲಕ್ಕೆ ತರುತ್ತಿತ್ತು.

ಎಲ್ಲರ ಒತ್ತಾಯದಂತೆ ಮೊದಲು, ಯಾಹೂ 2016ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ, ಚಿತ್ರದ ಅಶ್ಲೀಲತೆಗೆ 0ಯಿಂದ 1ರವರೆಗೆ ಅಂಕ ಕೊಡುವ ಮಾದರಿಯನ್ನು ಹಾಕಿ, ಚಿತ್ರವನ್ನು ಕೈಬಿಡುವ ಅಂಕದ ಮಿತಿಯನ್ನು 0.8ರಿಂದ 0.5ರ ಆಸುಪಾಸಿಗೆ ಇಳಿಸಲಾಯಿತು. ಮಂಚದ ಸಾಲು ಸರಿಹೋಯಿತು. ಆದರೆ ಎದೆಹಾಲೂಡಿಸುವ ಭಂಗಿಗಳು, ಸ್ತನ ಕ್ಯಾನ್ಸರ್‌ನ ಸ್ವಯಂ ತಪಾಸಣೆಯ ಚಿತ್ರಗಳು, ಮೈಬಣ್ಣವನ್ನು ಹೋಲುವ ಮರಳು ದಿಬ್ಬಗಳು ಕೂಡ ಮಾಯವಾದವು. ಕಾಯಿಲೆಯ ಬಗ್ಗೆ ತಿಳಿಯಲು ಬಂದವರಿಗೆ ಖಾಲಿ ಪುಟ ತೋರಿಸುವುದು ನನ್ನ ದೃಷ್ಟಿಯಲ್ಲಿ ಅಶ್ಲೀಲ ಚಿತ್ರ ತೋರಿಸುವಷ್ಟೇ ದೊಡ್ಡ ಲೋಪ. ಬಳಿಕ, ಮಾದರಿಗೆ ಕಲಿಸಲು ಚಿತ್ರಗಳಿಗೆ ಜನರಿಂದ ಗುರುತು ಹಾಕಿಸುವ ಹೊಸ ಲೇಬಲಿಂಗ್‌ಗೆ ಹಣ ಸುರಿಯಲಾಯಿತು. ಒಟ್ಟು ಖರ್ಚಿನ ಹೆಚ್ಚುಕಡಿಮೆ ಮುಕ್ಕಾಲು ಪಾಲು ಅಲ್ಲಿಯೇ ಕರಗಿತು. ಮಾದರಿ ಓಡಿಸುವ ಜಿಪಿಯು ಚಿಪ್ಪುಗಳ ಬಾಡಿಗೆ ಅದರ ಮುಂದೆ ಲೆಕ್ಕಕ್ಕೇ ಇರಲಿಲ್ಲ. ಫಲ ಮಾತ್ರ ಅತ್ಯಲ್ಪ.

ನಾನು ಮಾಡಿದ್ದು ಇಷ್ಟು: ಹುಡುಕುವವರು ಅಂಥ ಚಿತ್ರವನ್ನೇ ಬಯಸಿರುವ ಸಂಭವ ಎಷ್ಟೆಂದು ಪ್ರತಿ ಕ್ವೆರಿಗೂ (ಹುಡುಕಲು ಟೈಪಿಸಿದ ಪದಗಳಿಗೂ) ಅಂದಾಜಿಸಿ, ಚಿತ್ರದ ಅಂಕ ಅದನ್ನು ಎಷ್ಟು ಮೀರುತ್ತದೆಯೋ ಅಷ್ಟು ಹಿಂದಕ್ಕೆ ತಳ್ಳಿದೆ. ವೈದ್ಯಕೀಯ ಕ್ವೆರಿಗಳಲ್ಲಿ ನಗ್ನತೆಗೆ ಒಂದು ಮಿತಿ, ಲೈಂಗಿಕ ಕ್ರಿಯೆಗೆ ಇನ್ನೊಂದು ಮಿತಿ ಇಟ್ಟೆ. ಬಯಸದ ಕಡೆ ಬಿದ್ದ ಕ್ಲಿಕ್ಕುಗಳನ್ನು ತರಬೇತಿಯ ದತ್ತಾಂಶದಿಂದಲೇ ತೆಗೆದುಹಾಕಿದೆ. ಇಡೀ ವಿಧಾನದ ಬಲ ಇರುವುದು ಇದರಲ್ಲಿಯೇ. ಬೆರಳೆಣಿಕೆಯಷ್ಟು ಸಲ ಮಾತ್ರ ಬರುವ ಕ್ವೆರಿಗಳಿಗೆ ಈ ಅಂದಾಜನ್ನು ಹೇಗೆ ಹೊಂದಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ, ಚಿತ್ರ ಮತ್ತು ಬರಹವನ್ನು ಹೊಂದಿಸಿ ನೋಡುವ ಕ್ಲಿಪ್ (CLIP) ಮಾದರಿಯನ್ನೂ ಪರೀಕ್ಷಿಸಿದೆ. ಚಿತ್ರದ ಚಿಕ್ಕ ಬದಿಯನ್ನು 224 ಪಿಕ್ಸೆಲ್‌ಗೆ ಇಳಿಸಿ ನಡುಭಾಗವನ್ನಷ್ಟೇ ಕತ್ತರಿಸಿಕೊಳ್ಳುವ ರೂಢಿಯಿಂದಾಗಿ, ಹಲವು ಚಿತ್ರ ಜೋಡಿಸಿದ ನೀಳವಾದ ಕೊಲಾಜ್‌ನ ಬುಡದಲ್ಲಿರುವುದು ಅದಕ್ಕೆ ಕಾಣುವುದೇ ಇಲ್ಲ. ಎಲ್ಲ ಚಿತ್ರಗಳನ್ನೂ ತುಂಡು ತುಂಡಾಗಿ ನೋಡಿದಾಗ ವೆಚ್ಚ ನಾಲ್ಕೈದು ಪಟ್ಟಾಯಿತು. ಎತ್ತರವು ಅಗಲದ ಎರಡು ಪಟ್ಟು ಮೀರಿದವುಗಳಿಗೆ ಮಾತ್ರ ಅದನ್ನು ಉಳಿಸಿಕೊಂಡೆ.

ದೂರುಗಳು ಈಗ ಸುಮಾರು ಹತ್ತನೇ ಒಂದರಷ್ಟಕ್ಕೆ ಇಳಿದಿವೆ, ತಪಾಸಣೆಯ ಚಿತ್ರಗಳು ಮೊದಲ ಸಾಲಿಗೆ ಮರಳಿವೆ, ಲೇಬಲಿಂಗ್ ಗುತ್ತಿಗೆಯನ್ನು ನವೀಕರಿಸುವ ಮಾತನ್ನು ಹಿರಿಯರೇ ಕೈಬಿಟ್ಟಿದ್ದಾರೆ.