ಬಾಡಿಗೆ ಕಟ್ಟಡ ಕೊಳ್ಳುವ ಮುಂಚೆ ಪ್ರತಿ ಮನೆಯ ಬಾಗಿಲೂ ತೆಗೆಸಿ

ಹತ್ತು ಮನೆ ಇರುವ ಕಟ್ಟಡದಲ್ಲಿ ಎರಡು ತೋರಿಸಿ "ಉಳಿದವೂ ಹೀಗೇ ಇವೆ" ಅಂದರೆ ನಂಬಬೇಡಿ. ಮಾರುವವರು ಚೆನ್ನಾಗಿರುವುದನ್ನೇ ತಾನೇ ತೋರಿಸೋದು? ಕೀ ಸಿಗುತ್ತಿಲ್ಲ, ಬಾಡಿಗೆಯವರು ಊರಲ್ಲಿಲ್ಲ ಅಂತ ಯಾವ ಮನೆಯನ್ನು ತಪ್ಪಿಸುತ್ತಾರೋ ಅದನ್ನೇ ಮೊದಲು ಕೇಳಿ. ಎಲ್ಲಾ ಮನೆ ನೋಡಿದ ಮೇಲೆಯೇ ಖರೀದಿ ಪಕ್ಕಾ ಅಂತ ಕರಾರಿನಲ್ಲೇ ಬರೆಸಿಬಿಡಿ. ಒಳಗೆ ಜನ ವಾಸ ಇರುತ್ತಾರೆ, ಹಾಗಾಗಿ ಮಾಲೀಕರ ಕಡೆಯಿಂದ ಮೊದಲೇ ಹೇಳಿಸಿಯೇ ಹೋಗಬೇಕು.

ಮೇಲಿನ ಮಹಡಿಯಿಂದ ಶುರು ಮಾಡಿ. ಬಚ್ಚಲುಮನೆಗಳು ಸಾಮಾನ್ಯವಾಗಿ ಒಂದರ ಮೇಲೊಂದು ಇರುತ್ತವೆ, ಮೇಲೆ ನೀರು ಬಿಟ್ಟು, ನಾಲ್ಕೈದು ಸಲ ಫ್ಲಶ್ ಮಾಡಿ, ಆಮೇಲೆ ಕೆಳಗಿನ ಮನೆಗೆ ಬಂದು ಟಾರ್ಚ್ ಓರೆಯಾಗಿ ಹಿಡಿದರೆ ಸೀಲಿಂಗಿನ ಉಬ್ಬು, ಹಸಿ ಕಲೆ ಎಲ್ಲಾ ಎದ್ದು ಕಾಣುತ್ತೆ. ಒಂದೇ ಮೂಲೆಗೆ ಹೊಸ ಪೇಂಟ್ ಬಳಿದಿದ್ದರೆ ಯಾಕೆ ಅಂತ ಕೇಳಿ. ಸಿಂಕ್ ಕೆಳಗಿನ ಕಪಾಟಿಗೆ ಕೈ ಹಾಕಿ ನೋಡಿ, ಹಲಗೆ ಉಬ್ಬಿ ಮೆತ್ತಗಾಗಿದ್ದರೆ ಸೋರಿಕೆ ಇವತ್ತು ನಿನ್ನೆಯದಲ್ಲ. ಕಮೋಡ್ ಅಲುಗಾಡುತ್ತಾ? ಸುತ್ತಲಿನ ನೆಲವನ್ನು ಕಾಲಲ್ಲಿ ಒತ್ತಿ ನೋಡಿ. ಅಡುಗೆಮನೆ ನಲ್ಲಿ, ಶವರ್ ಎರಡನ್ನೂ ಒಟ್ಟಿಗೆ ಬಿಟ್ಟು ನೀರಿನ ಒತ್ತಡ ನೋಡಿ. ಗೀಸರ್ ಮೇಲಿನ ಲೇಬಲ್‌ನಲ್ಲಿ ತಯಾರಾದ ವರ್ಷ ಇದ್ದರೆ ಫೋಟೋ ತೆಗೆದುಕೊಳ್ಳಿ.

ಮಾಸಿದ ಗೋಡೆ, ಹಳೆ ಟೈಲ್ಸ್ ದೊಡ್ಡ ವಿಷಯ ಅಲ್ಲ, ಚೌಕಾಸಿಗೆ ಆಗುತ್ತೆ ಅಷ್ಟೇ. ಕರೆಂಟ್ ಮಾತ್ರ ಸುಮ್ನೆ ಕಣ್ಣಲ್ಲಿ ನೋಡಿ ಬಿಡೋದಲ್ಲ. ಸುಟ್ಟ ಸ್ವಿಚ್‌ಬೋರ್ಡ್, ಒಂದೇ ಪ್ಲಗ್ಗಿಗೆ ನೇತುಬಿದ್ದ ನಾಲ್ಕು ವೈರ್ ಕಂಡರೆ ಎಲೆಕ್ಟ್ರಿಷಿಯನ್ ಕರೆಸಿ.

ಬಾಡಿಗೆಯವರ ಹತ್ತಿರ ಎರಡು ಮಾತು ಆಡಿ. ರಿಪೇರಿಗೆ ಹೇಳಿದರೆ ಯಾವಾಗ ಬರ್ತಾರೆ, ಜಿರಳೆ ಇದೆಯಾ, ಮಳೆ ಬಂದಾಗ ಏನಾಗುತ್ತೆ ಅಂತ ಕೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ. ಆದರೆ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಕರಾರು ಯಾವಾಗ ಮುಗಿಯುತ್ತೆ, ಫ್ರಿಜ್ ಯಾರದ್ದು, ಇಷ್ಟನ್ನು ಬಾಯಿಮಾತಿಗೆ ಬಿಡದೆ ಅವರ ಸಹಿ ಇರುವ ಪತ್ರದಲ್ಲಿ ಪಡೆದು ಮಾಲೀಕರು ಕೊಟ್ಟ ಬಾಡಿಗೆ ಪಟ್ಟಿ ಜೊತೆ ತಾಳೆ ನೋಡಿ, ಯಾಕೆಂದರೆ ನಾಳೆ ಅಡ್ವಾನ್ಸ್ ವಾಪಸ್ ಕೊಡಬೇಕಾದವರು ನೀವೇ. ಪಟ್ಟಿಯಲ್ಲಿ ಬಾಡಿಗೆ ಬರುತ್ತಿದೆ ಅಂತ ಇದ್ದು, ಮನೆಯಲ್ಲಿ ಹಾಸಿಗೆ, ಪಾತ್ರೆ ಏನೂ ಕಾಣದಿದ್ದರೆ ಬ್ಯಾಂಕಿಗೆ ಜಮಾ ಆದ ದಾಖಲೆ ಕೇಳಿ.

ಪ್ರತಿ ಮನೆಗೂ ಬೇರೆ ವಿಡಿಯೋ ಮಾಡಿ, ಶುರುವಲ್ಲೇ ಮನೆ ನಂಬರ್ ಹೇಳಿ, ಇಲ್ಲಾಂದ್ರೆ ಸಂಜೆ ಹೊತ್ತಿಗೆ ಎಲ್ಲಾ ಬಚ್ಚಲೂ ಒಂದೇ ಥರ ಕಾಣುತ್ತೆ. ಪೂರ್ತಿ ಹಣ ಕೊಡುವ ಮುಂಚೆ ಖಾಲಿ ಮನೆಗಳನ್ನು ಇನ್ನೊಮ್ಮೆ ನೋಡಿ, ಗೀಸರ್, ಫ್ಯಾನ್ ಬಿಚ್ಚಿಕೊಂಡು ಹೋಗುವವರೂ ಇದ್ದಾರೆ.