ಹಸಿರು ಶಾಲೆಯ ತರಗತಿ: ಸದ್ದಿನ ಲೆಕ್ಕ ಗಾರೆಗೆ ಮೊದಲೇ ಮುಗಿಸಿ

ಸೋಲಾರ್, ಮಳೆನೀರು ಕೊಯ್ಲು ಎಲ್ಲ ನಕ್ಷೆಯಲ್ಲೇ ಬಂದಿರುತ್ತದೆ. ತರಗತಿಯ ಸದ್ದು ನೆನಪಾಗುವುದು ಗಾರೆ ಒಣಗಿದ ಮೇಲೆ. ಹಸಿರು ಕಟ್ಟಡಗಳಿಗೆ ಪ್ರಮಾಣಪತ್ರ ಕೊಡುವ ಲೀಡ್ ಪದ್ಧತಿಯ ನಾಲ್ಕನೇ ಆವೃತ್ತಿ, ಅಂದರೆ ವಿ4ರ ಶಾಲಾ ವಿಭಾಗದಲ್ಲಿ ಸದ್ದಿನ ಹತೋಟಿ ಅಂಕಕ್ಕೆ ಇರುವ ಆಯ್ಕೆಯಲ್ಲ, ಕಡ್ಡಾಯ. ಇದು ತಪ್ಪಿದರೆ ಉಳಿದ ಅಂಕ ಎಷ್ಟಿದ್ದರೂ ಪ್ರಮಾಣಪತ್ರ ಸಿಗುವುದಿಲ್ಲ.

ನೋಡಬೇಕಾದ್ದು ಮೂರು. ಏಸಿ, ಗಾಳಿಯಂತ್ರಗಳ ಸದ್ದು ತರಗತಿಯಲ್ಲಿ 40 ಡೆಸಿಬೆಲ್ (ಎ, ಅಂದರೆ ಕಿವಿಗೆ ಕೇಳುವ ರೀತಿಗೆ ಹೊಂದಿಸಿದ ಅಳತೆ) ಮೀರಬಾರದು. ಶಾಲೆಯ ಹೊತ್ತಿನಲ್ಲಿ ನಿವೇಶನದ ಗದ್ದಲ, ಅತಿ ಹೆಚ್ಚಿರುವ ಗಂಟೆಯ ಸರಾಸರಿಯಲ್ಲಿ, 60 ಡೆಸಿಬೆಲ್ ದಾಟಿದರೆ ಹೊರಗಿನ ಸದ್ದಿಗೆ ತಡೆ ಬೇಕು. ದೊಡ್ಡ ಗದ್ದಲದ ಮೂಲ 800 ಮೀಟರ್ ಆಚೆ ಇದ್ದರೆ ಇದಕ್ಕೆ ವಿನಾಯಿತಿ ಉಂಟು. ಮೂರನೆಯದು ಅನುರಣನ ಕಾಲ, ಅಂದರೆ ಮಾತು ನಿಂತ ಮೇಲೂ ಕೋಣೆಯಲ್ಲಿ ದನಿ ಉಳಿಯುವ ಹೊತ್ತು. 283 ಘನ ಮೀಟರ್‌ವರೆಗಿನ ಕೋಣೆಗೆ ಅದು 0.6 ಸೆಕೆಂಡ್ ಮೀರಬಾರದು. ನಮ್ಮ ಕಡೆ ಹೆಚ್ಚಿನ ತರಗತಿಗಳಿಗೆ ಏಸಿಯೇ ಇಲ್ಲ, ಹಾಗಾಗಿ ಮೊದಲನೆಯದು ಸಲೀಸು. ಜನ ಎಡವುವುದು ಮೂರನೆಯದರಲ್ಲಿ.

8 × 6 ಮೀಟರ್, 3.2 ಮೀಟರ್ ಎತ್ತರದ ಕೋಣೆ ತೆಗೆದುಕೊಳ್ಳಿ. ಗಾತ್ರ 153.6 ಘನ ಮೀಟರ್. ಸೂತ್ರ ಇದು: 0.161 × ಗಾತ್ರ ÷ ಒಟ್ಟು ಹೀರಿಕೆ. ಒಂದೊಂದು ಮೈಯ ಚದರ ಮೀಟರನ್ನು ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿದರೆ ಒಟ್ಟು ಹೀರಿಕೆ. ಗಾರೆ ಗೋಡೆ, ಟೈಲ್ಸ್ ನೆಲ, ಬರಿಯ ಆರ್‌ಸಿಸಿ ಸೂರು ತಮಗೆ ತಾಗಿದ ಸದ್ದಿನಲ್ಲಿ ನೂರಕ್ಕೆ ಎರಡು ಪಾಲು ಹೀರಿದರೆ ಹೆಚ್ಚು. ಕಿಟಕಿ ಮುಚ್ಚಿದ ಖಾಲಿ ಕೋಣೆಯಲ್ಲಿ ಒಟ್ಟು ಹೀರಿಕೆ ಸುಮಾರು 3.7, ಕಾಲ 6.7 ಸೆಕೆಂಡ್! 0.6ಕ್ಕೆ ಇಳಿಸಲು ಹೀರಿಕೆ 41 ದಾಟಬೇಕು. 48 ಚದರ ಮೀಟರ್ ಸೂರಿಗೆಲ್ಲ ಎನ್‌ಆರ್‌ಸಿ 0.70ರ (ಅಂದರೆ ತಾಗಿದ ಸದ್ದಿನಲ್ಲಿ ಸರಾಸರಿ ನೂರಕ್ಕೆ 70 ಪಾಲು ಹೀರುವ) ಟೈಲ್ ಹಾಕಿದರೆ ಗೋಡೆ, ನೆಲ ಸೇರಿ 36.4, ಅಂದರೆ 0.68 ಸೆಕೆಂಡ್. ಹೀರುವ ಹೊದಿಕೆ ಸೂರಿನಷ್ಟೇ ವಿಸ್ತಾರ ಇರಬೇಕು, ಎನ್‌ಆರ್‌ಸಿ 0.70 ಇರಬೇಕು ಎನ್ನುವ ಲೀಡ್‌ನ ಸುಲಭ ದಾರಿಯಲ್ಲಿ ಇದು ಪಾಸಾಗುತ್ತದೆ, ಆದರೆ ಲೆಕ್ಕದ ದಾರಿಯಲ್ಲಿ ಸೋಲುತ್ತದೆ. ಮಕ್ಕಳ ಕಿವಿ ಕೇಳುವುದು ಲೆಕ್ಕದ ದಾರಿಯನ್ನೇ. ಕೋಣೆಯ ಹಿಂದಿನ ಗೋಡೆಗೆ 6 × 1.2 ಮೀಟರ್ ಬಟ್ಟೆ ಸುತ್ತಿದ ರಾಕ್‌ವೂಲ್ ಫಲಕ (0.85) ಸೇರಿಸಿ, 0.58ಕ್ಕೆ ಬರುತ್ತದೆ. ಬೋರ್ಡಿನ ಪಕ್ಕದಲ್ಲಿ ನಿಂತ ಟೀಚರ್ ದನಿ ಹಿಂದೆ ಬಡಿದು ವಾಪಸ್ ಬರುವುದೂ ಇದರಿಂದಲೇ ನಿಲ್ಲುತ್ತದೆ. ಲೆಕ್ಕವನ್ನು 500, 1000, 2000 ಹರ್ಟ್ಜ್ ಮೂರಕ್ಕೂ ಬೇರೆಬೇರೆ ಮಾಡಬೇಕು. ಎನ್‌ಆರ್‌ಸಿ ಬರಿಯ ಸರಾಸರಿ.

ಟೆಂಡರಿನಲ್ಲಿ "ಅಕೌಸ್ಟಿಕ್ ಸೀಲಿಂಗ್" ಎಂದಷ್ಟೇ ಬರೆದರೆ ಸಾದಾ ಜಿಪ್ಸಮ್ ಬೋರ್ಡು ಬಂದು ಕೂರುತ್ತದೆ, ಅದು ಹೀರುವುದು ನಗಣ್ಯ. ಥರ್ಮೋಕೋಲ್, ಮೊಟ್ಟೆ ಟ್ರೇ ಎರಡೂ ಬೇಡ. ಪರೀಕ್ಷಾ ವರದಿಯಲ್ಲಿ ಟೈಲನ್ನು ಹೇಗೆ ಅಳವಡಿಸಿ ಅಳೆದರು ಎಂಬುದನ್ನೂ ಓದಿ. "ಇ-400" ಎಂದಿದ್ದರೆ ಹಿಂದೆ 400 ಮಿ.ಮೀ. ಗಾಳಿಯ ಜಾಗ ಬಿಟ್ಟು ಅಳೆದದ್ದು. ಅದೇ ಟೈಲನ್ನು ಸ್ಲ್ಯಾಬಿಗೆ ನೇರ ಅಂಟಿಸಿದರೆ ಆ ಅಂಕಿ ಸಿಗದು. 3.2 ಮೀಟರ್ ಕೋಣೆಯಲ್ಲಿ 400 ಮಿ.ಮೀ. ಬಿಟ್ಟರೆ ಸೀಲಿಂಗ್ 2.8ಕ್ಕೆ ಬರುತ್ತದೆ. ಫ್ಯಾನ್ ರೆಕ್ಕೆ ಅದಕ್ಕಿಂತ 300 ಮಿ.ಮೀ. ಕೆಳಗೆ, ನೆಲದಿಂದ 2.5 ಮೀಟರ್ ಎತ್ತರದಲ್ಲಿ. ಇದಕ್ಕಿಂತ ಇಳಿಸಲು ಹೋಗಬೇಡಿ. ಫ್ಯಾನ್ ಹುಕ್ ಸ್ಲ್ಯಾಬಿನಿಂದಲೇ ಬರಲಿ, ಸೀಲಿಂಗಿನ ಚೌಕಟ್ಟಿನಿಂದಲ್ಲ.

ಹೊರಗದ್ದಲವನ್ನು ಅಳೆಯುವ ದಿನ ಜಾಣತನದಿಂದ ಆರಿಸಿ. ಮಂಡ್ಯದಲ್ಲಿ ಕಬ್ಬು ಅರೆಯುವ ಹಂಗಾಮು, ಟ್ರ್ಯಾಕ್ಟರುಗಳ ಸಾಲು (ಅವುಗಳ ಹಾಡಿನ ಪೆಟ್ಟಿಗೆ ಬೇರೆ), ಮೈಸೂರಿನಲ್ಲಿ ರಿಂಗ್ ರಸ್ತೆಯ ಬೆಳಗಿನ ಹೊತ್ತು. ದಸರಾ ರಜೆಯಲ್ಲಿ ಅಳೆದ ಅಂಕಿ ಯಾವುದಕ್ಕೂ ಬಾರದು. ಒಂದನೇ ಅಥವಾ ಎರಡನೇ ದರ್ಜೆಯ ಮೀಟರ್ ಬೇಕು, ಮೊಬೈಲ್ ಆ್ಯಪ್ ನಡೆಯದು. ಹೆದ್ದಾರಿ ಅಥವಾ ರೈಲು ಹಳಿ ಬದಿಯ ನಿವೇಶನವಾದರೆ ಆ ಕಡೆಗೆ ಮೆಟ್ಟಿಲು, ಶೌಚಾಲಯ, ಉಗ್ರಾಣ ಇಡಿ, ತರಗತಿ ಕಿಟಕಿ ಒಳ ಅಂಗಳಕ್ಕೆ ತೆರೆಯಲಿ. ತೆರೆದ ಕಿಟಕಿಗೆ ಎಂಥ ಗಾಜು ಹಾಕಿದರೂ ಲಾಭವಿಲ್ಲ.

ತರಗತಿಗಳ ನಡುವಿನ ಗೋಡೆಗೆ ಅಮೆರಿಕದ ಮಾನದಂಡ ಸಂಸ್ಥೆ ಎಎನ್ಎಸ್ಐ ಕೇಳುವುದು, ಗೋಡೆ ಸದ್ದನ್ನು ಎಷ್ಟು ತಡೆಯುತ್ತದೆ ಎಂಬ ಅಳತೆಯಲ್ಲಿ, ಎಸ್‌ಟಿಸಿ 50. ಎರಡೂ ಕಡೆ ಗಾರೆ ಮಾಡಿದ 230 ಮಿ.ಮೀ. ಇಟ್ಟಿಗೆ ಗೋಡೆ ಆ ಮಟ್ಟಕ್ಕೆ ಬರುತ್ತದೆ, 100 ಮಿ.ಮೀ. ಹಗುರ ಬ್ಲಾಕ್ ಬಾರದು. ಗೋಡೆ ಸ್ಲ್ಯಾಬಿಗೆ ಮುಟ್ಟಬೇಕು. ಸೀಲಿಂಗ್ ಮಟ್ಟಕ್ಕೇ ನಿಲ್ಲಿಸಿದರೆ ಪಕ್ಕದ ಕೋಣೆಯ ಮಗ್ಗಿ ಮೇಲಿಂದ ಇಳಿದು ಬರುತ್ತದೆ. ಬಾಗಿಲ ಮೇಲಿನ ಸಿಮೆಂಟ್ ಜಾಲಿಯನ್ನು ಮುಚ್ಚಿ, ಗಾಳಿಗೆ ಹೊರಗೋಡೆಯಲ್ಲಿ ಜಾಗ ಕೊಡಿ.

ಮುಂದೆ ಸುಣ್ಣ-ಬಣ್ಣದ ಗುತ್ತಿಗೆ ಕೊಡುವಾಗ ಸೀಲಿಂಗ್ ಟೈಲಿಗೆ ರೋಲರ್ ಬೇಡವೆಂದು ಲಿಖಿತವಾಗಿ ಹೇಳಿ. ಎಮಲ್ಷನ್ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಕೊಳೆಯಾದ ಟೈಲನ್ನು ಬದಲಿಸಿ, ಇಲ್ಲವೇ ತಯಾರಕರು ಒಪ್ಪಿದ ಬಣ್ಣವನ್ನು ತೆಳುವಾಗಿ ಸ್ಪ್ರೇ ಮಾಡಿಸಿ.