ನೊರೆಯ ರಾಸಾಯನಿಕ ಚರ್ಮದೊಳಗೆ ಎಷ್ಟು ಇಳಿಯುತ್ತದೆ? ಅಳೆಯುವ ಕ್ರಮ

ಅನೇಕ ಶಾಂಪೂಗಳಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್, ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಸರ್ಫ್ಯಾಕ್ಟಂಟ್, ಅಂದರೆ ಎಣ್ಣೆ ಮತ್ತು ನೀರು ಬೆರೆಯುವಂತೆ ಮಾಡುವ ವಸ್ತು. ಅದರಲ್ಲಿ ಎಷ್ಟು ಭಾಗ ಚರ್ಮವನ್ನು ದಾಟುತ್ತದೆ, ಎಷ್ಟು ಚರ್ಮದಲ್ಲೇ ಉಳಿಯುತ್ತದೆ ಎಂಬುದನ್ನು ಫ್ರಾಂಜ್ ಕೋಶವೆಂಬ ಎರಡು ಅಂಕಣಗಳ ಗಾಜಿನ ಉಪಕರಣದಿಂದ ಕಾಲೇಜಿನ ಪ್ರಯೋಗಾಲಯದಲ್ಲೇ ಅಳೆಯಬಹುದು.

ಮೊದಲು ಪೊರೆಯನ್ನು ಸಿದ್ಧಪಡಿಸಬೇಕು. ಹಂದಿಯ ಕಿವಿಯ ಚರ್ಮ ಮನುಷ್ಯನ ಚರ್ಮವನ್ನು ಬಹಳಮಟ್ಟಿಗೆ ಹೋಲುವುದರಿಂದ ಅದನ್ನು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ನಿಮಿಷ ಇಟ್ಟು, ಮೇಲ್ಪದರವನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಾರೆ. ಜೊತೆಗೆ ಕೊಲಾಜನ್ ಎಂಬ ಪ್ರೋಟೀನಿನ ಹಾಳೆಯೊಂದನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಚರ್ಮದ ಹೊರಪದರದಲ್ಲಿ ಕೆರಾಟಿನ್ ಎಂಬ ಪ್ರೋಟೀನು ತುಂಬಿದ ಸತ್ತ ಕೋಶಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳ ತಡೆ ಇದ್ದರೆ, ಕೊಲಾಜನ್ ಹಾಳೆಯಲ್ಲಿ ಅಂಥ ಕೊಬ್ಬಿನ ತಡೆಯಿಲ್ಲ. ಎರಡನ್ನೂ ಹೋಲಿಸಿದಾಗ ಪ್ರೋಟೀನಿನ ಪಾತ್ರ ಸ್ಪಷ್ಟವಾಗುತ್ತದೆ.

ಪೊರೆಯನ್ನು ಎರಡು ಅಂಕಣಗಳ ನಡುವೆ ಬಿಗಿದು, ಕೆಳಗಿನದಕ್ಕೆ ಗುಳ್ಳೆ ಉಳಿಯದಂತೆ ಸೋಡಿಯಂ ಫಾಸ್ಫೇಟ್ ಬಫರ್ (ಆಮ್ಲೀಯತೆ ಏರುಪೇರಾಗದಂತೆ ಹಿಡಿದಿಡುವ ದ್ರಾವಣ) ತುಂಬಿ, ಪೊರೆಯ ಮೇಲ್ಮೈಯನ್ನು 32 ಡಿಗ್ರಿಯಲ್ಲಿ ಇಡಬೇಕು. ಪೊಟ್ಯಾಸಿಯಂ ಇರುವ ಬಫರ್ ಬೇಡ. ಲಾರಿಲ್ ಸಲ್ಫೇಟ್ ಅದರೊಡನೆ ಸೇರಿ ಗಷ್ಟಾಗಿ ಕೆಳಗೆ ಕೂತರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಮೇಲಿನ ಅಂಕಣಕ್ಕೆ ಹಾಕುವ ದ್ರಾವಣದ ಸಾಂದ್ರತೆಯನ್ನು ಆರಿಸುವಾಗ ಅವಸರ ಸಲ್ಲದು. ಶುದ್ಧ ನೀರಿನಲ್ಲಿ, 25 ಡಿಗ್ರಿಯಲ್ಲಿ, ಲೀಟರಿಗೆ ಸುಮಾರು 2.3 ಗ್ರಾಂ ದಾಟಿದ ಮೇಲೆ ಇದರ ಅಣುಗಳು ಗುಂಪುಗೂಡಿ ಮಿಸೆಲ್‌ಗಳಾಗುತ್ತವೆ. ಬಿಡಿ ಅಣುಗಳು ಮಾತ್ರ ಒಳಹೋಗುವುದಾದರೆ ಅಲ್ಲಿಂದಾಚೆ ಒಳಹರಿವು ಹೆಚ್ಚಬಾರದು. ಆದರೆ ಚರ್ಮದಲ್ಲಿ ಅದು ಹೆಚ್ಚುತ್ತಲೇ ಹೋಗುತ್ತದೆ. ಈ ಮಿಸೆಲ್‌ಗಳೂ ಚರ್ಮದ ನೀರಿನ ರಂಧ್ರಗಳಲ್ಲಿ ನುಸುಳುವಷ್ಟು ಚಿಕ್ಕವು ಎಂದು ಅಮೆರಿಕದ ಎಂಐಟಿಯ ಡೇನಿಯಲ್ ಬ್ಲಾಂಕ್‌ಷ್ಟೈನ್ ಅವರ ತಂಡ ವಿವರಿಸಿದೆ. ಆದ್ದರಿಂದ ಆ ಮಿತಿಯ ಕೆಳಗಿನ ಮತ್ತು ಮೇಲಿನ ಸಾಂದ್ರತೆಗಳೆರಡನ್ನೂ ಪರೀಕ್ಷಿಸಲೇಬೇಕು.

ನಿಗದಿತ ಸಮಯಕ್ಕೊಮ್ಮೆ ಕೆಳಗಿನ ದ್ರವದ ಮಾದರಿ ತೆಗೆದು, ಅಷ್ಟೇ ಹೊಸ ಬಫರ್ ಸೇರಿಸಬೇಕು. ಮಾದರಿಗೆ ಮಿಥಿಲೀನ್ ಬ್ಲೂ ಎಂಬ ಬಣ್ಣ ಬೆರೆಸಿದರೆ ಅದು ಲಾರಿಲ್ ಸಲ್ಫೇಟ್‌ನೊಡನೆ ಜೋಡಿಯಾಗಿ ಕ್ಲೋರೊಫಾರ್ಮ್‌ಗೆ ಇಳಿಯುತ್ತದೆ; ಆ ನೀಲಿ ಎಷ್ಟು ಬೆಳಕನ್ನು ಹೀರುತ್ತದೆ ಎಂಬುದನ್ನು 652 ನ್ಯಾನೊಮೀಟರ್ ತರಂಗಾಂತರದಲ್ಲಿ ಅಳೆಯಬಹುದು.

ಇಲ್ಲಿಗೇ ನಿಲ್ಲಿಸಿದರೆ ಪ್ರಯೋಗ ಅರ್ಧವಾದಂತೆ, ಏಕೆಂದರೆ ಚರ್ಮಕ್ಕೆ ಉರಿ ತರುವುದು ಮುಖ್ಯವಾಗಿ ಒಳಗೆ ಉಳಿದ ಅಂಶವೇ. ಕೊನೆಯಲ್ಲಿ ಪೊರೆಯನ್ನು ತೊಳೆದು, ಮೆಥನಾಲ್‌ನಲ್ಲಿ ನೆನೆಸಿ, ಅಂಟಿಕೊಂಡದ್ದನ್ನೂ ಅಳೆದು, ಹಾಕಿದ ಒಟ್ಟು ಪ್ರಮಾಣದೊಡನೆ ತಾಳೆ ನೋಡಬೇಕು. ಪೊರೆಯ ದಪ್ಪ ಮತ್ತು ಹರಿವು ಸ್ಥಿರವಾಗುವ ಮುಂಚಿನ ವಿಳಂಬದ ಸಮಯದಿಂದ ವಿಸರಣದ (ಅಣುಗಳು ಪೊರೆಯಲ್ಲಿ ಹರಡಿ ಸಾಗುವುದರ) ವೇಗವನ್ನು ಲೆಕ್ಕ ಹಾಕುವ ಸರಳ ಸೂತ್ರವು ಪೊರೆ ಬದಲಾಗುವುದಿಲ್ಲ ಎಂದು ಭಾವಿಸುತ್ತದೆ. ಆದರೆ ಲಾರಿಲ್ ಸಲ್ಫೇಟ್ ತಾಗಿದ ಕೆರಾಟಿನ್ ಉಬ್ಬಿ ಪೊರೆ ಬದಲಾಗುತ್ತದೆ. ಹಾಗಾಗಿ ಪ್ರಯೋಗದ ಮುಂಚೆಯೂ ನಂತರವೂ ಪೊರೆಯ ವಿದ್ಯುತ್ ರೋಧವನ್ನು ಅಳೆದು, ಅದು ಬಹಳ ಕುಸಿದಿದ್ದರೆ, ಅಂದರೆ ಪೊರೆಯ ತಡೆ ಹಾಳಾಗಿದ್ದರೆ, ಆ ಸೂತ್ರದ ಉತ್ತರವನ್ನು ಕೈಬಿಟ್ಟು, ನೇರವಾಗಿ ಅಳೆದ ಪ್ರಮಾಣಗಳನ್ನೇ ವರದಿಯಲ್ಲಿ ಬರೆಯಬೇಕು.